ಎರಡು ದಿನ, ಮೂರು ನಾಟಕ, ಆರು ಮಂದಿ: ಬೆಂಗಳೂರಿಗೆ ಹೊಂಟೀವಿ, ಏನಂತೀರಿ?

ಹಾವೇರಿ ಮೇಷ್ಟ್ರು

ನಮಸ್ಕಾರ ಎಲ್ಲಾರಿಗೂ. ನಾವು ಆರು ಮಂದಿ, ಹೈಸ್ಕೂಲಿನಾಗ ಕೂಡಿ ಕಲಿತವರು, ಈಗ ಎಲ್ಲಾರೂ ನಲವತ್ತೈದು ದಾಟೀವಿ. ಇಬ್ಬರು ಶಾಲಿಯೊಳಗ, ಒಬ್ಬ ಬ್ಯಾಂಕಿನಾಗ, ಒಬ್ಬನದು ಝೆರಾಕ್ಸ್ ಅಂಗಡಿ, ಒಬ್ಬಾಕಿ ನರ್ಸ್, ಇನ್ನೊಬ್ಬ ಬ್ಯಾಡಗಿ ಮಾರ್ಕೆಟ್ಟಿನಾಗ ಮೆಣಸಿನಕಾಯಿ ದಲಾಲಿ. ವರ್ಷಕ್ಕೊಮ್ಮೆ ಎಲ್ಲೆರೆ ಹೋಗಿ ಬರೋದು ರೂಢಿ. ಗೋಕರ್ಣ ಆತು, ಜೋಗ ಆತು, ಒಂದ್ಸಲ ಗೋವಾಕ್ಕ ಹೋಗಿ ಬಂದು ಮನಿಯಾಗ ಬೈಸಿಕೊಂಡದ್ದೂ ಆತು. ಈ ಸಲ ನರ್ಸ್ ಬಾಯಿ ಹಟ ಹಿಡದಾಳ, ನಾಟಕ ನೋಡಾಕ ಬೆಂಗಳೂರಿಗೆ ಹೋಗೂಣು ಅಂತ.

ಪ್ಲಾನ್ ಹಿಂಗೈತಿ. ಶುಕ್ರವಾರ ರಾತ್ರಿ ಹಾವೇರಿಯಾಗ ರಾಣಿ ಚೆನ್ನಮ್ಮ ರೈಲು ಹತ್ತೋದು. ಶನಿವಾರ ಸಂಜಿ ರಂಗಶಂಕರ ನಾಟಕ ಮಂದಿರದಾಗ ಕಾರ್ನಾಡರ 'ಹಯವದನ', ಒಂದೇ ಶೋ. ರವಿವಾರ ಮಧ್ಯಾಹ್ನ ಅಲ್ಲೇ ಒಂದು ಏಕವ್ಯಕ್ತಿ ನಾಟಕ. ರವಿವಾರ ಸಂಜಿ ಊರಿನ ಇನ್ನೊಂದು ಮಗ್ಗಲಕ್ಕ ಒಂದು ಐತಿಹಾಸಿಕ ನಾಟಕ, ಪ್ರವೇಶ ಉಚಿತ. ಅದನ್ನ ಮುಗಿಸಿಕೊಂಡು ರಾತ್ರಿ ಹನ್ನೊಂದರ ಸುಮಾರಿಗೆ ಅದೇ ಗಾಡಿ. ಸೋಮವಾರ ತಪ್ಪಂಗಿಲ್ಲ, ಯಾಕಂದ್ರ ಬ್ಯಾಡಗಿಯಾಗ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ದಲಾಲಿ ಅಲ್ಲಿ ಇರಲೇಬೇಕು.

ಮೂರು ನಾಟಕ ಹೆಚ್ಚಾದವೇನು? ಎಲ್ಲಿ ಇಳಕೊಂಡ್ರ ಚಲೋ? ದಲಾಲಿಗೆ ಕಂಪನಿ ನಾಟಕ ಬಿಟ್ರ ಬ್ಯಾರೆ ಗೊತ್ತಿಲ್ಲ. ಅವಂಗ ಇದು ಹಿಡಸ್ತದೇನು?

ಜಯನಗರ ನಾಲ್ಕನೇ ಬ್ಲಾಕ್

ಸರ್, ಮೊದಲು ಒಂದು ಮಾತು. ಇದನ್ನ ಆರೂ ಜನಕ್ಕೂ ಓದಿ ಹೇಳಿ. ರಂಗಶಂಕರದಲ್ಲಿ ಏಳೂವರೆ ಅಂದ್ರೆ ಏಳೂವರೆನೇ. ಬೆಲ್ ಹೊಡೆದು ಬಾಗಿಲು ಹಾಕಿದ್ಮೇಲೆ ಕೈಯಲ್ಲಿ ಟಿಕೆಟ್ ಇದ್ರೂ ಒಳಗೆ ಬಿಡಲ್ಲ. ಟ್ರಾಫಿಕ್ ಇತ್ತು ಅನ್ನೋ ನೆಪ ಅಲ್ಲಿ ನಡೆಯಲ್ಲ, ಯಾಕಂದ್ರೆ ಒಳಗೆ ಕೂತಿರೋರೆಲ್ಲ ಅದೇ ಟ್ರಾಫಿಕ್ ದಾಟ್ಕೊಂಡು ಬಂದಿರ್ತಾರೆ. ಏಳಕ್ಕೆ ಅಲ್ಲಿದ್ರೆ ಕ್ಯೂನಲ್ಲಿ ಮುಂದೆ ಸಿಗುತ್ತೆ. ಒಟ್ಟು ಸುಮಾರು 320 ಸೀಟು, ವೇದಿಕೆ ಪ್ರೇಕ್ಷಕರ ಮಧ್ಯಕ್ಕೆ ಚಾಚಿಕೊಂಡಿದೆ, ಹಿಂದೆ ಕೂತ್ರೂ ನಟನ ಕಣ್ಣು ಕಾಣುತ್ತೆ.

ಇಳ್ಕೊಳ್ಳೋದಕ್ಕೆ ಮೆಜೆಸ್ಟಿಕ್ ಬೇಡ. ಜಯನಗರ, ಬನಶಂಕರಿ ಕಡೆ ರೂಮ್ ನೋಡಿ. ರೈಲಿಳಿದು ಹಸಿರು ಮೆಟ್ರೊ ಹತ್ತಿದ್ರೆ ನೇರ ಬನಶಂಕರಿ, ಅದರ ಮುಂದಿಂದು ಜಯಪ್ರಕಾಶ ನಗರ. ಅಲ್ಲಿಂದ ರಂಗಶಂಕರಕ್ಕೆ ಆಟೊ. ವಾಪಸ್ ಹೋಗೋವಾಗ್ಲೂ ಅದೇ ದಾರಿ, ರಸ್ತೆ ಮೇಲೆ ನಂಬಿಕೆ ಇಡಬೇಡಿ.

ಬೆಳಿಗ್ಗೆ ತಿಂಡಿಗೆ ಗಾಂಧಿ ಬಜಾರ್ ವಿದ್ಯಾರ್ಥಿ ಭವನ. 1943ರಿಂದ ಇದೆ, ಶುಕ್ರವಾರ ರಜ, ನೀವು ಬರೋದು ಶನಿವಾರ ಆದ್ರಿಂದ ಸರಿಹೋಯ್ತು. ಕಾಯಬೇಕಾಗುತ್ತೆ, ಅದನ್ನೂ ನಾಟಕದ ಭಾಗ ಅಂದ್ಕೊಳ್ಳಿ.

ಬೆಳಕಿನ ಹುಡುಗ

ಬಾಗಿಲು ಹಾಕೋದನ್ನ ಜನ ದುರಹಂಕಾರ ಅಂತಾರೆ. ನಾನೊಂದು ಹವ್ಯಾಸಿ ತಂಡಕ್ಕೆ ಲೈಟಿಂಗ್ ಮಾಡ್ತೀನಿ, ಒಳಗಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ. ಎಷ್ಟೋ ನಾಟಕ ಶುರುವಾಗೋದೇ ಪೂರ್ತಿ ಕತ್ತಲಲ್ಲಿ. ನಟರು ಆ ಕತ್ತಲಲ್ಲೇ ನಡೆದು ಬಂದು, ನೆಲಕ್ಕೆ ಅಂಟಿಸಿರೋ ರೇಡಿಯಂ ಚುಕ್ಕೆ ನೋಡ್ಕೊಂಡು ತಮ್ಮ ಜಾಗದಲ್ಲಿ ನಿಲ್ತಾರೆ. ಆಗ ಯಾರೋ ಒಬ್ಬರು ಬಾಗಿಲು ತೆಗೆದ್ರೆ ಹೊರಗಿನ ಟ್ಯೂಬ್‌ಲೈಟು ಉದ್ದಕ್ಕೆ ಪಟ್ಟಿಯ ಹಾಗೆ ಬಂದು ನೇರ ರಂಗದ ಮೇಲೆ ಬೀಳುತ್ತೆ. ರಾಜ ನಿಲ್ಲಬೇಕಾದ ಕಡೆ ಒಬ್ಬ ಹುಡುಗ ಪಂಚೆ ಸರಿಮಾಡ್ಕೊಳ್ತಿರೋದು ಎಲ್ಲರಿಗೂ ಕಾಣುತ್ತೆ. ಮುಗೀತು ಕಥೆ.

ವಾರಾಂತ್ಯಕ್ಕೇ ಯಾಕೆ ಅಷ್ಟೊಂದು ನಾಟಕ ಅಂದ್ರೆ ನಾವೆಲ್ಲ ವಾರದ ದಿನ ಬೇರೆ ಕೆಲಸದವರು. ನಮ್ಮಲ್ಲಿ ಎಲ್‌ಐಸಿಯವರಿದ್ದಾರೆ, ಲೆಕ್ಚರರ್ ಇದ್ದಾರೆ, ನಾನು ಸಾಫ್ಟ್‌ವೇರು. ಆಫೀಸ್ ಮುಗಿಸಿ ಏಳರಿಂದ ಹತ್ತರವರೆಗೆ ತಾಲೀಮು, ಒಂದೂವರೆ ತಿಂಗಳು. ಶೋ ದಿನ ಬೆಳಿಗ್ಗೆ ಟೆಂಪೊದಲ್ಲಿ ಸೆಟ್ಟು ಬರುತ್ತೆ. ಏಣಿ ಹತ್ತಿ ಒಂದೊಂದೇ ಲೈಟು ತಿರುಗಿಸಿ ಫೋಕಸ್ ಮಾಡೋಕೆ ಮಧ್ಯಾಹ್ನ ಆಗುತ್ತೆ. ಆಮೇಲೆ ಮಾತಿಲ್ಲದೆ ಬರೀ ಬೆಳಕು, ಸದ್ದು ಎಲ್ಲೆಲ್ಲಿ ಬರಬೇಕು ಅಂತ ಓಡಿಸಿ ನೋಡೋದು. ಸಂಜೆ ಶೋ. ರಾತ್ರಿಯೇ ಎಲ್ಲ ಬಿಚ್ಚಿ ಅದೇ ಟೆಂಪೊಗೆ ತುಂಬಬೇಕು. ಟಿಕೆಟ್ ದುಡ್ಡಲ್ಲಿ ಟೆಂಪೊ ಬಾಡಿಗೆ, ಊಟದ ಖರ್ಚು ಬಂದ್ರೆ ದೊಡ್ಡದು.

ನಿಮ್ಮ ಪ್ರಶ್ನೆಗೆ ಉತ್ತರ: ಮೂರು ಹೆಚ್ಚಾಯ್ತು. ಎರಡು ನೋಡಿ, ಮಧ್ಯ ಒಂದು ಹೊತ್ತು ಖಾಲಿ ಬಿಟ್ಕೊಳ್ಳಿ. ನಾಟಕ ನೋಡಿದ್ಮೇಲೆ ಅದರ ಬಗ್ಗೆ ಜಗಳ ಆಡೋಕೆ ಟೈಮ್ ಬೇಡ್ವಾ?

ಬಾಗಲಕೋಟಿ ರೊಟ್ಟಿ

ಮೂರು ಹೆಚ್ಚಾತೇನ್ರೀ? ನಗಿ ಬಂತು ನನಗ. ಬನದ ಹುಣ್ಣಿವಿಗೆ ನಮ್ಮ ಬಾದಾಮಿ ಬನಶಂಕರಿ ಜಾತ್ರಿಗೆ ಬಂದ್ ನೋಡ್ರಿ. ಸಾಲಿಗೆ ಕಂಪನಿ ಟೆಂಟ್ ಹಾಕಿರತಾವ, ಒಂದರ ಮೈಕು ಇನ್ನೊಂದಕ್ಕ ಹಾಯ್ತಿರತೈತಿ. ಸಂಜಿಗೆ ಒಂದು ಆಟ ನೋಡೋದು, ಹೊರಗ ಬಂದು ಮಿರ್ಚಿ ಭಜಿ ತಿನ್ನೋದು, ಬಾಜೂ ಟೆಂಟಿಗೆ ಹೋಗೋದು, ಬೆಳತನಕ. ನಮ್ಮ ಅವ್ವ ಎಂಬತ್ತರ ಹತ್ತಿರ ಬಂದಾಳ, ಹೋದ ವರ್ಷ ಎರಡು ಆಟ ನೋಡಿ ಮೂರನೇದಕ್ಕ ಹೋಗೂಣು ಅಂದ್ಲು. ನಾ ಕಾಲು ಬಿದ್ದು ಕರಕೊಂಡು ಬಂದೆ.

ಅಲ್ಲಿ ಯಾರೂ ಬಾಗಲಾ ಹಾಕಂಗಿಲ್ಲ. ಬಾಗಲಾನ ಇರಂಗಿಲ್ಲ, ತಾಡಪತ್ರಿ ಇರತೈತಿ. ತಡಾ ಆಗಿ ಬಂದ್ರ ಹಾಸ್ಯನಟ ವೇದಿಕಿ ಮ್ಯಾಲಿಂದನ "ಬರ್ರಿ ಗೌಡ್ರ, ನಿಮ್ಮ ಸಲುವಾಗಿ ನಿಂತಿದ್ವಿ" ಅಂತಾನ. ದಲಾಲಿಯವರಿಗೆ ಇದನ್ನ ಹೇಳಬ್ಯಾಡ್ರಿ, ಅವರು ಇದನ್ನ ನಂಬಿ ಬೆಂಗಳೂರಾಗ ಕೈ ಕೊಟ್ಟಾರು.

ಸಾಗರದ ಮಳೆ

ನಾಟಕಕ್ಕೆ ಬೆಂಗಳೂರೇ ಯಾಕೆ ಅಂತ ಕೇಳಬಹುದಾ? ಹೆಗ್ಗೋಡಿನ ನೀನಾಸಂ 1949ರಿಂದ ಒಂದು ಹಳ್ಳಿಯಲ್ಲೇ ಕೂತು ಈ ಕೆಲಸ ಮಾಡಿಕೊಂಡು ಬಂದಿದೆ. ಅವರದೇ ಸಂಚಾರಿ ತಂಡ ತಿರುಗಾಟ 1985ರಿಂದ ಊರೂರಿಗೇ ನಾಟಕ ಹೊತ್ತುಕೊಂಡು ಹೋಗ್ತಿದೆ. ನಿಮ್ಮ ಊರಿನ ಕಡೆಗೂ ಬರ್ತದೆ, ವಿಚಾರಿಸಿ. ಶಾಲೆ ಮಕ್ಕಳ ಪಕ್ಕ ಕೂತು ನೋಡೋದೇ ಬೇರೆ. ಪೇಟೆಯಲ್ಲಿ ನಾಟಕ ನೋಡೋರೆಲ್ಲ ಒಂದೇ ಥರ ಕೆಮ್ಮುತ್ತಾರೆ ಅಂತ ನನಗೆ ಯಾವಾಗಲೂ ಅನ್ನಿಸ್ತದೆ.

ಹಾವೇರಿ ಮೇಷ್ಟ್ರು

ಸಾಗರದವರೇ, ತಿರುಗಾಟ ನಾವು ತಪ್ಪಿಸಿಲ್ಲ. ನಮ್ಮ ನರ್ಸ್ ಬಾಯಿಗೆ ಈ ಹುಚ್ಚು ಹಿಡದದ್ದೇ ಒಂದು ತಿರುಗಾಟದ ನಾಟಕ ನೋಡಿ. ಆದ್ರ ನಮ್ಮೂರಾಗ ನಾಟಕ ನೋಡಿದ್ರ ಅರ್ಧಕ್ಕ ಫೋನ್ ಬರತೈತಿ, ಅಕ್ಕಿ ಮುಗದಾವು ಬರ್ತಾ ತಗೊಂಡು ಬರ್ರಿ ಅಂತ. ಊರು ಬಿಟ್ಟು ಹೋದ್ರ ಅಕ್ಕಿ ತರೋದು ತಪ್ಪತೈತಿ.

ಒಂಟಿಕೊಪ್ಪಲ್

ಮೈಸೂರಿನವರು ಯಾರೂ ಬಾಯಿ ಬಿಡಲಿಲ್ಲವಲ್ಲ ಅಂತ ಬಂದೆ. ರಂಗಾಯಣಕ್ಕೆ ಬನ್ನಿ ಸಾರ್. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು, ಅಲ್ಲಿ ನಟನೆಯೇ ಕೆಲಸ ಆಗಿರೋ ಕಲಾವಿದರು ಇದ್ದಾರೆ, ಸಂಜೆ ಆಫೀಸ್ ಮುಗಿಸಿ ಬರೋರಲ್ಲ. 2010ರಲ್ಲಿ 'ಮಲೆಗಳಲ್ಲಿ ಮದುಮಗಳು' ಮಾಡಿದಾಗ ರಾತ್ರಿಯಿಡೀ ನಾಟಕ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕಿತ್ತು. ನಾನು ಕಂಬಳಿ ಹೊದ್ದು ಹೋಗಿದ್ದೆ, ಬೆಳಗ್ಗೆ ಮನೆಗೆ ಬಂದಾಗ ಕಂಬಳಿ ಇರಲಿಲ್ಲ, ಯಾರ ಹೆಗಲ ಮೇಲಿತ್ತೋ. ಬೆಂಗಳೂರಿನಲ್ಲಿ ನಾಟಕ ಮುಗಿದ ತಕ್ಷಣ ಎಲ್ಲರೂ ಮೊಬೈಲ್ ತೆಗೆದು ಕ್ಯಾಬ್ ಹುಡುಕ್ತಾರೆ. ಮೈಸೂರಲ್ಲಿ ನಡೆದುಕೊಂಡು ಮನೆಗೆ ಹೋಗ್ತಾರೆ. ಇಷ್ಟೇ ವ್ಯತ್ಯಾಸ, ಆದ್ರೆ ಸಣ್ಣದಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಮೈಸೂರಿನವರು ನಡೆದುಕೊಂಡು ಹೋಗೋದು ಎಂಟೂವರೆ ಮೇಲೆ ಆಟೊ ಸಿಗಲ್ಲ ಅಂತ. ಈಗ ಬಿಡಿ.

ಚಾಮರಾಜಪೇಟೆ ತಾತ

ಮಕ್ಕಳೇ, ನಾನು ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ಮನಾಗುವವನು. ಮೂರು ನಾಟಕ ಎಂಬ ಮಾತು ಕಂಡು ಬರೆಯುತ್ತಿದ್ದೇನೆ. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಾರಂತರು ಮೂರು ನಾಟಕ ಮಾಡಿಸಿದರು. ಈಡಿಪಸ್, ಕಂಬಾರರ ಜೋಕುಮಾರಸ್ವಾಮಿ, ಲಂಕೇಶರ ಸಂಕ್ರಾಂತಿ. ನಾನಾಗ ಕಾಲೇಜು ಹುಡುಗ. ಕಲಾಕ್ಷೇತ್ರದಂಥ ಸಭಾಂಗಣ ಪಕ್ಕದಲ್ಲೇ ಇದ್ದರೂ ಕಾರಂತರು ಹಿತ್ತಿಲಿಗೆ ಹೋಗಿ ನಾಟಕ ಮಾಡಿದ್ದು ನಮಗೆಲ್ಲ ದೊಡ್ಡ ಬೆರಗು. ಆ ಜಾಗವೇ ಈಗ ಸಂಸ ಬಯಲು ರಂಗಮಂದಿರ.

ಮೂರನ್ನೂ ನೋಡಿದೆ. ಯಾವುದು ಎಷ್ಟು ಅರ್ಥವಾಯಿತು ಎಂದು ಕೇಳಬೇಡಿ. ಮೂರನ್ನೂ ನೋಡಿದವನು ಎಂದು ಹಾಸ್ಟೆಲಿನಲ್ಲಿ ಎರಡು ವರ್ಷ ಮೆರೆದೆ. ಆದ್ದರಿಂದ ಲೈಟಿಂಗ್ ಹುಡುಗನ ಮಾತು ಬುದ್ಧಿವಂತಿಕೆಯದ್ದು, ಆದರೆ ನೀವು ಮೂರನ್ನೂ ನೋಡಿ. ಕಡಿಮೆ ನೋಡಿದವರು ಪಶ್ಚಾತ್ತಾಪ ಪಟ್ಟದ್ದನ್ನು ಕಂಡಿದ್ದೇನೆ, ಹೆಚ್ಚು ನೋಡಿದವರು ಬರೀ ನಿದ್ದೆ ಮಾಡಿದ್ದಾರೆ.

ಹಾವೇರಿ ಮೇಷ್ಟ್ರು

ತಾತನ ಮಾತೇ ಮಾತು. ಮೂರೂ ನೋಡತೀವಿ. ಟಿಕೆಟ್ ಆನ್‌ಲೈನ್ ತಗದೀವಿ. ಬಾಗಲಾ ಹಾಕೋ ಸುದ್ದಿ ಎಲ್ಲಾರಿಗೂ ಓದಿ ಹೇಳೀನಿ. ದಲಾಲಿ ಕೇಳಿ "ಹೂಂ" ಅಂದಾನ. ಅವನ ಹೂಂಗೆ ಅರ್ಥ ಇರಂಗಿಲ್ಲ.

*(ಹನ್ನೆರಡು ದಿನಗಳ ನಂತರ)*

ಹಾವೇರಿ ಮೇಷ್ಟ್ರು

ಹೋಗಿ ಬಂದ್ವಿ. ವರದಿ ಕೊಡು ಅಂತ ಮೂರು ಮಂದಿ ಮೆಸೇಜ್ ಮಾಡೀರಿ, ತಗೋರಿ.

ಶನಿವಾರ ಮುಂಜಾನೆ ರೂಮಿಗೆ ಹೋಗಿ, ಸ್ನಾನಾ ಮಾಡಿ, ವಿದ್ಯಾರ್ಥಿ ಭವನ. ಮುಕ್ಕಾಲು ತಾಸು ಹೊರಗ ನಿಂತ್ವಿ. ದ್ವಾಸಿ ತಾಟುಗೋಳನ್ನ ಕೈಮ್ಯಾಲೆ ಒಂದರ ಮ್ಯಾಲೊಂದು ಪೇರಿಸಿಕೊಂಡು ಬರತಾರಲ್ಲ, ಅದನ್ನ ನೋಡಿ ದಲಾಲಿ ಚಪ್ಪಾಳೆ ಹೊಡದ. ಅವನ ಪ್ರಕಾರ ಮೊದಲನೇ ನಾಟಕ ಅಲ್ಲೇ ಮುಗೀತು.

ಮಧ್ಯಾಹ್ನ ಎಲ್ಲಾರೂ ರೂಮಿನಾಗ ಅಡ್ಡಾದ್ವಿ. ದಲಾಲಿ ಮಾತ್ರ ಮಗಳಿಗೆ ಸೀರಿ ತರತೀನಿ ಅಂತ ಚಿಕ್ಕಪೇಟಿಗೆ ಹೊಂಟ. "ಏಳಕ್ಕ ಅಲ್ಲಿರಬೇಕು ನೋಡು" ಅಂದೆ. "ಏಳೂವರಿ ಅಂದ್ರ ಎಂಟು ಹಿಡಿ" ಅಂದ. ಬೋರ್ಡಿನ ಮ್ಯಾಲೆ ಒಂಬತ್ತು ಬರದು ಹತ್ತಕ್ಕ ಪರದೆ ಏಳೋದನ್ನ ನೋಡಿ ಬೆಳೆದ ಮನಷಾ.

ಮುಂದಿನದು ನಿಮಗೆಲ್ಲಾ ಗೊತ್ತಾಗೇ ಇರಬೇಕು. ಚಿಕ್ಕಪೇಟಿಯಾಗ ಮೆಟ್ರೊ ಸ್ಟೇಷನ್ ಕಣ್ಣೆದುರಿಗೇ ಐತಿ. ಆದ್ರ ಸೀರಿ ಗಂಟು ಹಿಡಕೊಂಡು ಮೆಟ್ಟಲಾ ಇಳಿಯೋದು ಬ್ಯಾಡ ಅಂತ ಆಟೊ ಹತ್ತ್ಯಾನ. ಆಟೊದ ಹಿಂದ ಶಂಕರನಾಗ್ ಫೋಟೊ ಇತ್ತಂತ. ನಮ್ಮ ಕಡೆಯವರಿಗೆ ಶಂಕರನಾಗ್ ಅಂದ್ರ ಬ್ಯಾರೇನೇ. 1990ರಾಗ ಅವರ ಕಾರು ಅಪಘಾತ ಆದ ಆನಗೋಡು ದಾವಣಗೆರಿ ಹತ್ತಿರ, ಬೆಂಗಳೂರಿಗೆ ಬಸ್ಸಿನಾಗ ಹೋದಾಗೆಲ್ಲಾ ದಾಟಿಕೊಂಡೇ ಹೋಗತೀವಿ. ಹಿಂಗಾಗಿ ದಲಾಲಿ ಡ್ರೈವರ್ ಜೋಡಿ ಶಂಕರನಾಗ್ ಮಾತು ತಗದಾನ, ಇಬ್ಬರೂ ಕೂಡಿ ಜಾಮಿನಾಗ ನಿಂತಾರ. ಶಂಕರನಾಗ್ ಹೆಸರಿನ ಥಿಯೇಟರಿಗೆ ಶಂಕರನಾಗ್ ಆಟೊದಾಗ ಬಂದು ಮುಟ್ಟಿದಾಗ 7.34.

ಬಾಗಲಾ ಹಾಕಿತ್ತು. ಬಾಗಲದಾಗಿನ ಹುಡುಗಿ ಕೈ ಮುಗಿದು "ಕ್ಷಮಿಸಿ ಸರ್" ಅಂದಳಂತ. ನಾವು ಐದು ಮಂದಿ ಒಳಗ, ಫೋನ್ ಆಫ್. ಅವನ ಆರು ಮಿಸ್ಡ್ ಕಾಲ್ ನಾವು ಆಮ್ಯಾಲೆ ನೋಡಿದ್ದು. ತಪ್ಪು ಅವನದೇ, ಅವನೂ ಒಪ್ಪತಾನ.

ಈಗ ಕೇಳ್ರಿ. ಸಿಟ್ಟು ಮಾಡಿಕೊಂಡು ರೂಮಿಗೆ ಹೋಗಲಿಲ್ಲ ಅಂವ. ಕೆಳಗ ಕೆಫೆಯಾಗ ಸಾಬೂದಾನಿ ವಡಾ, ಚಾ ತಗೊಂಡು ಮೆಟ್ಟಲದ ಮ್ಯಾಲೆ ಕುಂತ. ಒಳಗಿಂದ ಮಾತು ಕೇಳಸ್ತಿರಲಿಲ್ಲ. ಆದ್ರ ಮಂದಿ ನಕ್ಕದ್ದು ಕೇಳಸ್ತಿತ್ತು. ಮಾರ್ಕೆಟ್ಟಿನಾಗ ಕಿಸೆದಾಗ ಪೆನ್ನು ಇಟಗೊಂಡೇ ಹುಟ್ಟಿದವ. ಟಿಕೆಟ್ಟಿನ ಪ್ರಿಂಟ್ ಹಾಳಿ ಹೊಳ್ಳಿಸಿ, ಲಾಟ್ ಬರದಂಗ ಬರಕೊಂಡು ಕುಂತಾನ. ಆ ಹಾಳಿ ಈಗ ನನ್ನ ಮುಂದ ಐತಿ:

7.42 ನಗು, ದೊಡ್ಡದು
8.20 ಮೊದಲು ಸಣ್ಣದು, ಆಮ್ಯಾಲೆ ದೊಡ್ಡದು
8.31 ಹಾಡು. ಹೆಣಮಗಳು
9.03 ಕುದರಿ?

ಒಂಬತ್ತೂ ಹತ್ತಕ್ಕ ನಾವು ಹೊರಗ ಬಂದಾಗ ಅಂವ ಕೇಳಿದ ಮೊದಲ ಮಾತು "ಯಾಕ ನಕ್ಕ್ರಿ?"

7.42 ಹೇಳಿದ್ವಿ. ಗಣಪತಿ ಸ್ತುತಿ ಮುಗಿದು ಭಾಗವತರು ಕಥೀ ಸುರು ಮಾಡೋದ್ರಾಗ ಒಬ್ಬ ನಟ ಚೀರಿಕೋತ ಓಡಿ ಬರತಾನ. ನಾಟಕಕ್ಕ ತಡಾ ಆತು ಅಂತ ಅವಸರ ಮಾಡಿ ಬರತಿದ್ದನಂತ, ದಾರಿಯಾಗ ಕುದರಿ ಮಾತಾಡಿತು ಅಂತ ಗಾಬರಿ. ಅಂದ್ರ ಒಳಗ ಮಂದಿ ಮೊದಲ ಸಲ ನಕ್ಕದ್ದು ನಾಟಕಕ್ಕ ತಡಾ ಮಾಡಿದವನನ್ನ ನೋಡಿ. ಇದನ್ನ ಕೇಳಿ ದಲಾಲಿಯ ಮುಖ ನೋಡಬೇಕಿತ್ತು. "ಅವನ್ನ ಹೆಂಗ ಒಳಗ ಬಿಟ್ಟರು?" ಅಂದ.

9.03 ಅಂದ್ರ ಕೊನೀಗೆ ಆ ಮಾತಾಡೋ ಕುದರಿ ಹಯವದನ ನಕ್ಕು ನಕ್ಕು ಆ ನಗುವೇ ಕೆನೆತ ಆಗತೈತಿ, ಅದು. ಇಂವ ರಸ್ತಾದ ಮ್ಯಾಲೆ ಟಾಂಗಾ ಬಂತೇನು ಅಂತ ಹೊರಗ ಹೋಗಿ ನೋಡಿ ಬಂದಾನ.

8.20 ಮಾತ್ರ ಬಗೀಹರೀಲಿಲ್ಲ. ಝೆರಾಕ್ಸ್ ಅಂದ, ಕಾಳಿ ಎದ್ದು ಆಕಳಿಸಿದಾಗ. ನರ್ಸ್ ಬಾಯಿ ಅಂದ್ಲು, ಅಲ್ಲ, ಗೊಂಬಿ ಎರಡೂ ಜಗಳಾಡಿದಾಗ. ಬ್ಯಾಂಕಿನವ ಅಂದ, ನಾ ನಗಲೇ ಇಲ್ಲ. ನನಗ ನೆನಪಿಲ್ಲ. ಒಂದೇ ಸಾಲಿನಾಗ ಕುಂತು ಒಂದೇ ನಾಟಕ ನೋಡಿದ ಐದು ಮಂದಿ ನಾವು.

ರಾತ್ರಿ ಊಟಕ್ಕ ಕುಂತಾಗ ಕಥೀ ಪೂರಾ ಹೇಳಿದ್ವಿ. ಪದ್ಮಿನಿಯ ಗಂಡ ದೇವದತ್ತನ ತಲಿ ಅವನ ಗೆಳೆಯ ಕಪಿಲನ ಮೈಗೆ, ಕಪಿಲನ ತಲಿ ದೇವದತ್ತನ ಮೈಗೆ ಹತ್ತತಾವ, ಪದ್ಮಿನಿ ಈಗ ಯಾರ ಹೆಂಡತಿ ಅಂತ. ಋಷಿ ತಲಿನೇ ಮುಖ್ಯ ಅಂತ ತೀರ್ಪು ಕೊಡತಾನ. ದಲಾಲಿ ಅನ್ನ ಕಲಸೋದು ನಿಲ್ಲಿಸಿ ಅಂದ: "ಋಷಿ ಮಾರ್ಕೆಟ್ ನೋಡಿಲ್ಲ. ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಅಂತ ಬರದ ಚೀಲದಾಗ ಗುಂಟೂರು ಕಾಯಿ ತುಂಬಿದ್ರ ಅದು ಡಬ್ಬಿ ಆಗತೈತೇನು? ಒಳಗಿನ ಮಾಲು ನೋಡಬೇಕು, ಮ್ಯಾಲಿನ ಚೀಟಿ ಅಲ್ಲ."

ನರ್ಸ್ ಬಾಯಿ ಬಿಡಲಿಲ್ಲ. "ತಲಿ ಚೀಟಿ ಅಂತ ಯಾರು ಹೇಳ್ಯಾರ ನಿನಗ? ತಲಿನೇ ಮಾಲು, ಮೈನೇ ಚೀಲ." ಹೋಟೆಲ್ಲಿನವರು ದೀಪ ಆರಸೋತನಕ ಇದೇ ನಡೀತು. ನಾಟಕ ನೋಡದವ ಗೆದ್ದ ಅಂತ ನನ್ನ ಅಭಿಪ್ರಾಯ.

ರವಿವಾರದ ಏಕವ್ಯಕ್ತಿ ನಾಟಕ ಚಲೋ ಇತ್ತು, ಆದ್ರ ನಡುವ ನಾ ತೂಕಡಿಸೀನಿ, ಸುಳ್ಳು ಹೇಳಂಗಿಲ್ಲ. ದಲಾಲಿ ಮೂರಕ್ಕ ಐದು ನಿಮಿಷ ಇರೋವಾಗ ಕ್ಯೂದಾಗ ಎಲ್ಲಾರಿಗಿಂತ ಮುಂದ ನಿಂತಿದ್ದ. ಒಂದೂ ಕಾಲು ತಾಸು ಮುಂದ ಬಗ್ಗಿ ಕುಂತು ನೋಡಿದ.

ಮೂರನೇದರ ಕಥೀ ಬ್ಯಾರೇನೇ. ಜಾಗದ ಹೆಸರು, ಸಂಘದ ಹೆಸರು ಹೇಳಂಗಿಲ್ಲ. ಆರೂವರಿಗೆ ನಾಟಕ ಅಂತ ಕಾರ್ಡಿನಾಗ ಇತ್ತು. ದಲಾಲಿ ನಮ್ಮನ್ನೆಲ್ಲಾ ಕುರಿ ಹೊಡಕೊಂಡು ಹೋದಂಗ ಐದೂ ಮುಕ್ಕಾಲಕ್ಕ ಒಳಗ ಕುಂಡರಿಸಿದ. ಆರೂವರಿಗೆ ದೀಪ ಹಚ್ಚಿದರು. ಆಮ್ಯಾಲೆ ಸ್ವಾಗತ. ಆಮ್ಯಾಲೆ ಹನ್ನೊಂದು ಮಂದಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕಿ. ಒಬ್ಬರು "ಎರಡೇ ಮಾತು" ಅಂತ ಎದ್ದು ಮೂವತ್ತೈದು ನಿಮಿಷ ಮಾತಾಡಿದರು. ವಿಂಗ್ಸಿನಾಗ ಕಿರೀಟ ಹಾಕಿಕೊಂಡ ಒಬ್ಬ ರಾಜ ಆಗಾಗ ಇಣಿಕಿ ನೋಡಿ ಹಿಂದ ಹೋಗತಿದ್ದ. ನಾಟಕ ಸುರು ಆದಾಗ ಎಂಟೂ ಹತ್ತು. ಯುದ್ಧ ಸುರು ಆಗೋಕಿಂತ ಮುಂಚೆ ನಾವು ಎದ್ದು ಹೊಂಟ್ವಿ, ಗಾಡಿ ತಪ್ಪತಿತ್ತು. ಬಗ್ಗಿಕೊಂಡು ಸಾಲು ದಾಟೋವಾಗ ದಲಾಲಿ ನನ್ನ ಕಿವಿಯಾಗ ಅಂದ: "ಇಲ್ಲೆ ನಾ ಏಳೂ ಮೂವತ್ನಾಕಕ್ಕ ಬಂದಿದ್ರ ನಡೀತಿತ್ತಲ್ಲೋ."

ಬಾಗಲಕೋಟಿ ರೊಟ್ಟಿ

ಅವರನ್ನ ನಮ್ಮ ಬನಶಂಕರಿ ಜಾತ್ರಿಗೆ ಕಳಸ್ರಿ ಮೇಷ್ಟ್ರ. ಖರ್ಚು ನಂದು.

ಚಾಮರಾಜಪೇಟೆ ತಾತ

ಶಾಲು ಹೊದಿಸಿಕೊಂಡವರಲ್ಲಿ ನಾನಿರಲಿಲ್ಲ ಎಂದು ಸ್ಪಷ್ಟಪಡಿಸುತ್ತೇನೆ. ಆದರೆ ಇಂಥ ಸಭೆಗಳಲ್ಲಿ ಹಿಂದೆ ಹೊದಿಸಿಕೊಂಡಿದ್ದೇನೆ. ಮುಂದಿನ ಸಲ ರಾಜನ ಕಡೆ ತಿರುಗಿ ನೋಡುವೆ.

ಬೆಳಕಿನ ಹುಡುಗ

ಮೇಷ್ಟ್ರೇ, ಆ ಹಾಳೆಯ ಫೋಟೊ ಹಾಕಿ. ನಗು ಎಲ್ಲಿ ಬಂತು ಅಂತ ಗಂಟೆ, ನಿಮಿಷದ ಸಮೇತ ಬರೆದುಕೊಟ್ಟ ಪ್ರೇಕ್ಷಕರು ನಮಗೆ ಇದುವರೆಗೂ ಸಿಕ್ಕಿಲ್ಲ. ನಿರ್ದೇಶಕರು ಫ್ರೇಮ್ ಹಾಕಿಸ್ತಾರೆ.

8.20 ಬಗ್ಗೆ. ಆ ಶೋ ನಮ್ಮ ತಂಡದ್ದಲ್ಲ, ಆದ್ರೆ 'ಹಯವದನ' ಹಿಂದೊಮ್ಮೆ ನಾವೂ ಮಾಡಿದೀವಿ. ಕಾಳಿ ಪ್ರತ್ಯಕ್ಷ ಆಗೋಕೆ ಮುಂಚೆ ಚರ್ಮವಾದ್ಯದ ಸದ್ದು ಜೋರಾಗಿ ಏರಬೇಕು, ಪ್ರೇಕ್ಷಕರು ಹೆದರಬೇಕು, ಆಮೇಲೆ ಅವಳು ನಿದ್ದೆಗಣ್ಣಲ್ಲಿ ಆಕಳಿಸಬೇಕು. ಆ ಹೆದರಿಕೆ ಇಲ್ದಿದ್ರೆ ನಗು ಬರಲ್ಲ. ಮೊದಲು ಸಣ್ಣದು ಆಮೇಲೆ ದೊಡ್ಡದು ಅಂತ ಬರೆದಿದ್ದಾರಲ್ಲ, ನಗಬಹುದಾ ಬಾರದಾ ಅಂತ ಜನ ಅಕ್ಕಪಕ್ಕ ನೋಡಿಕೊಂಡಿದ್ದು ಅದು. ಗೊಂಬೆಗಳು ಬರೋದು ಇನ್ನೂ ಆಚೆ. ಅವರನ್ನ ಒಂದು ಕೇಳಿ: 8.20ಕ್ಕೆ ಮುಂಚೆ ಒಳಗಿಂದ ಡೋಲಿನ ಸದ್ದು ಬಂತಾ?

ಹಾವೇರಿ ಮೇಷ್ಟ್ರು

ಅವನೇ ಬಂದು ಕುಂತಾನ. ನನ್ನ ಫೋನಿನಾಗ ಅವನೇ ಬರೀತಾನಂತ, ತಗೋರಿ.

ದಲಾಲಿ ಬರೀತಿರೋದು. ನಮಸ್ಕಾರ್ರಿ. ಡೊಳ್ಳು ಬಡದಂಗ ಸಪ್ಪಳಾ ಬಂದದ್ದು ಖರೇ. ಒಮ್ಮಿಗ್ಲೇ ಜೋರಾತು. ನನ್ನ ಕೈಯಾಗಿನ ವಡಾ ಜಾರಿ ಬಿತ್ತು. ಹಾಳಿ ಮ್ಯಾಲೆ ಎಣ್ಣಿ ಕಲೆ ಐತಿ, 8.20ರ ಬಾಜೂಕೇ. ಹಂಗಾದ್ರ ಕಾಳವ್ವ ಅಂತ ಆತು. ಝೆರಾಕ್ಸ್‌ನವ ಗೆದ್ದ, ನರ್ಸ್ ಬಾಯಿ ನೂರು ರೂಪಾಯಿ ಕೊಡಬೇಕು.

ಈಗ ನನ್ನ ಪ್ರಶ್ನೆ. ದೇವರು ಎದ್ದು ಬರೂದನ್ನ ನಾ ಕಂಪನಿ ನಾಟಕದಾಗ ಹತ್ತಾರು ಸಲ ನೋಡೇನಿ. ಹೊಗಿ ಬಿಡತಾರ, ಕೆಂಪು ಲೈಟ್ ಹಾಕತಾರ, ಮಂದಿ ಕುಂತಲ್ಲೇ ಕೈ ಮುಗೀತಾರ. ಆಕಳಿಸೋ ದೇವರನ್ನ ನೋಡಿಲ್ಲ. ಬಾಯಿ ಎಷ್ಟು ದೊಡ್ಡದು ತಗೀತಾಳ? ಕೈ ಅಡ್ಡ ಹಿಡೀತಾಳೇನು? ಇವರು ಐದು ಮಂದಿನೂ ಕೇಳೀನಿ, ಒಬ್ಬರೂ ಸರಿಯಾಗಿ ಮಾಡಿ ತೋರಸಲಿಲ್ಲ.

ಬೆಳಕಿನ ಹುಡುಗ

ಅದು ಬರೆದು ಹೇಳೋಕೆ ಬರಲ್ಲ ಸರ್. ಒಂದೊಂದು ತಂಡದಲ್ಲಿ ಒಂದೊಂದು ಥರ. ನಮ್ಮ ಕಾಳಿ ನಾಲಿಗೆ ಒಳಗೆ ಎಳ್ಕೊಂಡು ಆಕಳಿಸ್ತಿದ್ಲು.

ಹಾವೇರಿ ಮೇಷ್ಟ್ರು

ಮತ್ತ ದಲಾಲಿ. ಮುಂದ ಎಲ್ಲೇ ಆಗಲಿ ಈ ನಾಟಕದ ಶೋ ಇತ್ತಂದ್ರ ಇಲ್ಲೆ ಹಾಕ್ರಿ. ಸೋಮವಾರ, ಗುರುವಾರ ಬಿಟ್ಟು ಯಾವ ದಿನ ಆದ್ರೂ ನಡೀತೈತಿ. ಸೀರಿ ಈ ಸಲ ರಾಣೆಬೆನ್ನೂರಾಗ ತಗೋತೀನಿ.